ನಿಂತುಹೋದ ಕೀ ವಾಚು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಕೀ ವಾಚು ರಿಪೇರಿ ಮಾಡುವ ನಮ್ಮಂಥವರ ಮೇಜಿಗೆ ಬರುವ ವಾಚುಗಳಲ್ಲಿ ಹೊಸವು ಕಡಿಮೆ. ಅಪ್ಪ ಕಟ್ಟುತ್ತಿದ್ದದ್ದು, ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದು, ತಾತ ಕೆಲಸದಿಂದ ನಿವೃತ್ತರಾದ ದಿನ ಬಂದದ್ದು, ಇಂಥವೇ ಜಾಸ್ತಿ. ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ್ದ ವಾಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮಂಡ್ಯ, ಪಾಂಡವಪುರ, ಮದ್ದೂರು ಕಡೆಯಿಂದ ಬಸ್ ಹತ್ತಿ ಬರುವವರಿದ್ದಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳು. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಂತ ವಾಚು ಬಹುಪಾಲು ಕೆಟ್ಟಿರುವುದಿಲ್ಲ, ಒಳಗಿನ ಎಣ್ಣೆ ಒಣಗಿರುತ್ತದೆ ಅಷ್ಟೆ. ಅದು ನಿಜವಾಗಿ ಕೆಡುವುದು ನಿಂತ ದಿನಕ್ಕೂ ಅಂಗಡಿಗೆ ಬರುವ ದಿನಕ್ಕೂ ನಡುವೆ, ಮನೆಯಲ್ಲಿ ನಡೆಯುವ ಪ್ರಯೋಗಗಳಿಂದ.

ನಮ್ಮ ಮನೆಯಲ್ಲಿರೋದು ಕೀ ವಾಚೋ ಸೆಲ್ ವಾಚೋ ಗೊತ್ತಿಲ್ಲ. ನಿಂತಿರೋ ವಾಚಲ್ಲಿ ಹೇಗೆ ತಿಳಿಯೋದು?

ಪಕ್ಕದಲ್ಲಿ ಹಿಡಿದು ತಿರುಗಿಸುವ ಗುಂಡಿ ಇದೆಯಲ್ಲ, ಅದಕ್ಕೆ ಕ್ರೌನ್ ಅನ್ನುತ್ತೇವೆ. ಅದನ್ನು ಹೊರಗೆ ಎಳೆಯದೆ, ಇದ್ದ ಜಾಗದಲ್ಲೇ ಮುಂದಕ್ಕೆ ಮೆಲ್ಲಗೆ ತಿರುಗಿಸಿ. ಬೆರಳಿಗೆ ಸಣ್ಣಗೆ ಕಿರ್ ಕಿರ್ ಅಂತ ಹಲ್ಲು ದಾಟಿದ ಹಾಗೆ ಅನ್ನಿಸಿದರೆ ಕೀ ವಾಚು. ಏನೂ ತಡೆಯಿಲ್ಲದೆ ಸುಮ್ಮನೆ ತಿರುಗಿದರೆ ಬಹುಶಃ ಸೆಲ್ ವಾಚು. ಡಯಲ್ ಮೇಲೆ ‘17 ಜ್ಯುವೆಲ್ಸ್’ ಅಥವಾ ‘ಆಟೋಮ್ಯಾಟಿಕ್’ (ಕೈ ಆಡಿದ ಹಾಗೆ ತಾನೇ ಕೀ ತುಂಬಿಕೊಳ್ಳುವುದು) ಅಂತಿದ್ದರೆ ಕೀ ವಾಚಿನ ಜಾತಿ. ‘ಕ್ವಾರ್ಟ್ಜ್’ ಅಂತಿದ್ದರೆ ಸೆಲ್. ಸೆಲ್ ವಾಚಾದರೆ ಈ ಪುಟ ನಿಮಗೆ ಹೆಚ್ಚು ಉಪಯೋಗಕ್ಕೆ ಬಾರದು, ಮೊದಲು ಸೆಲ್ ಹಾಕಿಸಿ ನೋಡಿ.

ನಿನ್ನೆವರೆಗೂ ಓಡ್ತಿತ್ತು, ಬೆಳಗ್ಗೆ ನೋಡಿದ್ರೆ ನಿಂತಿದೆ. ಮೊದಲು ಏನು ನೋಡಬೇಕು?

ಕ್ರೌನ್ ಪೂರ್ತಿ ಒಳಗಿದೆಯೇ ನೋಡಿ. ಟೈಮ್ ತಿದ್ದಲು ಎಳೆದು, ವಾಪಸ್ ಒತ್ತುವುದನ್ನು ಮರೆತಿರುವುದು ನಾವು ಅಂದುಕೊಳ್ಳುವುದಕ್ಕಿಂತ ಸಾಮಾನ್ಯ. ಕೆಲವು ವಾಚುಗಳಲ್ಲಿ ಕ್ರೌನ್ ಎಳೆದರೆ ಸೆಕೆಂಡು ಮುಳ್ಳೇ ನಿಲ್ಲುವಂತೆ ಮಾಡಿರುತ್ತಾರೆ.

ಆಮೇಲೆ ಕೀ ಕೊಡಿ. ಒಮ್ಮೆ ಪೂರ್ತಿ ಕೀ ಕೊಟ್ಟರೆ ಸಾಮಾನ್ಯ ಕೈಗಡಿಯಾರ ಒಂದೂವರೆ ದಿನದ ಆಸುಪಾಸು ಓಡುತ್ತದೆ. ದಿನವೂ ಬೆಳಗ್ಗೆ ಕೊಡುವವರು ಒಂದು ದಿನ ಬಿಟ್ಟರೆ ಮಾರನೆಯ ದಿನ ನೋಡುವಾಗ ನಿಂತಿರುವುದು ಸಹಜ. ವಾಚನ್ನು ಕೈಯಿಂದ ಬಿಚ್ಚಿ ಹಿಡಿದು ಕೀ ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಕ್ರೌನಿನ ಒಳಗಿನ ಸಣ್ಣ ಕಡ್ಡಿ, ಅಂದರೆ ಸ್ಟೆಮ್, ಓರೆಯಾಗಿ ಎಳೆದಂತಾಗಿ ದಿನ ಕಳೆದಂತೆ ಸವೆಯುತ್ತದೆ. ಕೊನೆಗೆ ಒಂದು ಕಡೆ ತಾನಾಗಿ ಬಿಗಿಯುತ್ತದೆ, ಅಲ್ಲಿಗೆ ಬಿಡಿ.

ಕೀ ಕೊಟ್ಟ ಮೇಲೆ ಡಯಲ್ ಮೇಲಾಗಿ ಅಂಗೈಯಲ್ಲಿಟ್ಟು, ಕೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆತ್ತಗೆ ಹೊರಳಿಸಿ, ಕಿವಿಗೆ ಹಿಡಿಯಿರಿ. ಓಡಿದರೆ ಸಂತೋಷ. ಕೆಲವು ಸೆಕೆಂಡು ಓಡಿ ನಿಂತರೆ, ಅದೇ ನಿಮ್ಮ ಉತ್ತರ: ಒಳಗೆ ಜೀವ ಇದೆ, ದಾರಿಯಲ್ಲಿ ಅಡ್ಡಿ ಇದೆ. ಮುಂದಿನ ಪ್ರಶ್ನೆಗಳನ್ನು ಓದಿ.

ಇಷ್ಟು ಮಾತ್ರ ಮನೆಯಲ್ಲಿ ಮಾಡಬೇಕಾದದ್ದು. ಟೇಬಲಿಗೆ ಬಡಿಯುವುದು, ಹಿಂದಿನ ಮುಚ್ಚಳದ ಮೇಲೆ ಬೆರಳಿಂದ ಕುಟ್ಟುವುದು, ಬಿಸಿಲಿಗಿಡುವುದು, ಇವು ಯಾವುವೂ ಬೇಡ.

ಕೀ ಜಾಸ್ತಿ ಕೊಟ್ಟು ಸ್ಪ್ರಿಂಗ್ ಬಿಗಿದುಕೊಂಡುಬಿಟ್ಟಿದೆ, ಅದಕ್ಕೇ ನಿಂತಿದೆ ಅಂತಾರಲ್ಲ?

ಊರೆಲ್ಲ ಈ ಮಾತಿದೆ, ಆದರೆ ಸರಿಯಲ್ಲ. ವಾಚಿನ ಮುಖ್ಯ ಸ್ಪ್ರಿಂಗ್ ಒಂದು ಉದ್ದನೆಯ ಉಕ್ಕಿನ ಪಟ್ಟಿ. ಬ್ಯಾರಲ್ ಎಂಬ ಡಬ್ಬಿಯೊಳಗೆ ಸುರುಳಿಯಾಗಿ ಕುಳಿತಿರುತ್ತದೆ. ಪೂರ್ತಿ ಸುತ್ತಿಕೊಂಡರೆ ಅದರಲ್ಲಿ ಶಕ್ತಿ ತುಂಬಿದೆ ಎಂದರ್ಥ. ಶಕ್ತಿ ತುಂಬಿದ ಸ್ಪ್ರಿಂಗ್ ವಾಚನ್ನು ನಿಲ್ಲಿಸುವುದಿಲ್ಲ, ಓಡಿಸುತ್ತದೆ. ನಿಂತ ವಾಚಿನಲ್ಲಿ ಆ ಶಕ್ತಿ ಚಕ್ರಗಳ ಮೂಲಕ ಮುಂದೆ ಹೋಗಲಾಗದೆ ಎಲ್ಲೋ ಸಿಕ್ಕಿಕೊಂಡಿದೆ. ವಾಚು ಮೊದಲು ನಿಂತಿತು, ನಿಂತಿದೆ ಅಂತ ನೀವು ಕೀ ಕೊಟ್ಟಿರಿ, ಕೊಡುತ್ತ ಕೊಡುತ್ತ ಬಿಗಿಯಾಯಿತು. ನಡೆದದ್ದು ಈ ಕ್ರಮದಲ್ಲಿ. ಎಷ್ಟೋ ಜನ ಇನ್ನೊಬ್ಬರನ್ನು, ಅದರಲ್ಲೂ ಮಕ್ಕಳನ್ನು, ‘ನೀನೇ ಜಾಸ್ತಿ ತಿರುಗಿಸಿ ಹಾಳುಮಾಡಿದೆ’ ಎಂದು ಬೈದಿರುತ್ತಾರೆ. ಪಾಪ, ಅವರ ತಪ್ಪಲ್ಲ.

ಬಿಗಿದ ಮೇಲೂ ಬಲ ಹಾಕಿ ತಿರುಗಿಸಿದರೆ ಮಾತ್ರ ಸ್ಪ್ರಿಂಗಿನ ತುದಿ ಕಿತ್ತುಬರಬಹುದು, ಹಲ್ಲು ಮುರಿಯಬಹುದು. ಆಟೋಮ್ಯಾಟಿಕ್ ವಾಚಿನಲ್ಲಿ ಆ ಭಯವೂ ಇಲ್ಲ. ಅದರ ಸ್ಪ್ರಿಂಗಿನ ಹೊರತುದಿ ತುಂಬಿದ ಮೇಲೆ ಬ್ಯಾರಲಿನ ಗೋಡೆಗೆ ಜಾರುವಂತೆ ಮಾಡಿರುತ್ತಾರೆ.

ಹಾಗಾದ್ರೆ ಬೀಳದೆ, ನೀರು ತಾಕದೆ, ಸುಮ್ಮನಿದ್ದ ವಾಚು ಯಾಕೆ ನಿಲ್ಲುತ್ತೆ?

ಎಣ್ಣೆ. ಹತ್ತರಲ್ಲಿ ಹೆಚ್ಚಿನ ಸಲ ಇದೇ ಉತ್ತರ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆಯ ಎಚ್‌ಎಂಟಿಯಂಥ ಕೀ ವಾಚು ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 5 ಸಲ. ಒಂದು ದಿನಕ್ಕೆ 4,32,000 ಬಡಿತ. ಮುಖ್ಯ ಸ್ಪ್ರಿಂಗ್ ಬ್ಯಾರಲನ್ನು ನೂಕುತ್ತದೆ; ಬ್ಯಾರಲ್ ಗಂಟೆಗೊಂದು ಸುತ್ತು ಹೊಡೆಯುವ ಸೆಂಟರ್ ವೀಲನ್ನು; ಅದು ಥರ್ಡ್ ವೀಲನ್ನು; ಅದು ನಿಮಿಷಕ್ಕೊಂದು ಸುತ್ತು ಹೊಡೆಯುವ ಫೋರ್ತ್ ವೀಲನ್ನು; ಅದು ಎಸ್ಕೇಪ್ ವೀಲನ್ನು. ಅಲ್ಲಿಂದ ಪ್ಯಾಲೆಟ್ ಎನ್ನುವ ಪುಟ್ಟ ಕವಲು, ಕೊನೆಗೆ ಅತ್ತಿತ್ತ ಓಲಾಡುವ ಬ್ಯಾಲೆನ್ಸ್ ವೀಲ್. ಪ್ರತಿ ಹಂತದಲ್ಲೂ ವೇಗ ಹೆಚ್ಚುತ್ತದೆ, ಬಲ ಕಡಿಮೆಯಾಗುತ್ತದೆ. ಬ್ಯಾಲೆನ್ಸಿಗೆ ಬಂದು ತಲುಪುವ ಬಲ ಎಷ್ಟು ಸಣ್ಣದೆಂದರೆ ಒಂದು ಎಳೆ ನೂಲು ಸಿಕ್ಕಿಕೊಂಡರೂ ಅದು ನಿಲ್ಲುತ್ತದೆ.

ಈ ಚಕ್ರಗಳ ಕಡ್ಡಿತುದಿಗಳು ಕೆಂಪು ಹರಳಿನ ರಂಧ್ರದಲ್ಲಿ ತಿರುಗುತ್ತವೆ. ಪ್ರತಿ ಹರಳಿನ ಬಟ್ಟಲಲ್ಲಿ ಸೂಜಿಮೊನೆಯಷ್ಟು ಎಣ್ಣೆ. ವರ್ಷಗಳು ಕಳೆದಂತೆ ಆ ಎಣ್ಣೆ ಹರಿದುಹೋಗುತ್ತದೆ, ಉಳಿದದ್ದು ಆಲೆಮನೆಯ ಕೊಪ್ಪರಿಗೆ ಅಂಚಿಗೆ ಹತ್ತಿದ ಪಾಕದ ಹಾಗೆ ಅಂಟಂಟಾಗಿ, ಆಮೇಲೆ ಗಟ್ಟಿಯಾಗುತ್ತದೆ. ಅದಕ್ಕೆ ದೂಳು ಸೇರಿದರೆ ಅರೆಯುವ ಮುದ್ದೆ. ಇದಕ್ಕೆ ವಾಚನ್ನು ಕಟ್ಟಿಕೊಂಡು ಓಡಾಡಬೇಕು ಅಂತಿಲ್ಲ, ಬೀರುವಿನಲ್ಲಿ ಸುಮ್ಮನೆ ಮಲಗಿದ್ದರೂ ಎಣ್ಣೆ ಒಣಗುತ್ತದೆ. ‘ಕಟ್ಟೇ ಇಲ್ಲ ಸ್ವಾಮಿ, ಹೊಸದರ ಹಾಗೇ ಇದೆ’ ಅನ್ನುವ ವಾಚು ಓಡದಿರುವುದಕ್ಕೆ ಕಾರಣ ಇದೇ.

ಒಣಗುತ್ತಿರುವ ವಾಚು ನಿಲ್ಲುವ ಮುಂಚೆ ಸೂಚನೆ ಕೊಡುತ್ತದೆ. ಮೊದಲು ದಿನಕ್ಕೆ ಒಂದೆರಡು ನಿಮಿಷ ಹಿಂದೆ ಬೀಳುತ್ತದೆ. ಆಮೇಲೆ ಒಂದೂವರೆ ದಿನದ ಬದಲು ಹತ್ತು ಹನ್ನೆರಡು ಗಂಟೆಗೇ ನಿಲ್ಲುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ನಿಂತು, ಕೈಗೆ ಕಟ್ಟಿ ಬೆಚ್ಚಗಾದ ಮೇಲೆ ತಾನೇ ಹೊರಡುತ್ತದೆ. ಇವುಗಳಲ್ಲಿ ಒಂದು ಕಂಡರೂ ದಯವಿಟ್ಟು ಕಟ್ಟುವುದನ್ನು ನಿಲ್ಲಿಸಿ ಸರ್ವಿಸಿಗೆ ಕೊಡಿ. ಎಣ್ಣೆಯಿಲ್ಲದೆ ಓಡಿಸಿದರೆ ಉಕ್ಕಿನ ಕಡ್ಡಿತುದಿಗಳು ಸವೆಯುತ್ತವೆ. ಸವೆದದ್ದನ್ನು ತೊಳೆದು ಸರಿಮಾಡಲಾಗದು, ಬೇರೆ ಹಾಕಬೇಕು. ಹಳೆಯ ವಾಚಿಗೆ ಬೇರೆ ಭಾಗ ಹುಡುಕುವುದೇ ದೊಡ್ಡ ಕೆಲಸ. ದಿನವೂ ಕಟ್ಟುವ ಕೀ ವಾಚಿಗೆ 4-5 ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿದರೆ ಅದು ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ.

ಎಷ್ಟು ತಿರುಗಿಸಿದರೂ ಕೀ ತುಂಬೋದೇ ಇಲ್ಲ. ತಿರುಗ್ತಾನೇ ಇರುತ್ತೆ.

ಕಿರ್ ಕಿರ್ ಶಬ್ದ ಬರುತ್ತಿದ್ದು ಎಂದಿಗೂ ಬಿಗಿಯಾಗದಿದ್ದರೆ ಮುಖ್ಯ ಸ್ಪ್ರಿಂಗ್ ತುಂಡಾಗಿದೆ ಅಥವಾ ಒಳತುದಿಯ ಕೊಂಡಿ ಬಿಟ್ಟಿದೆ. ಹಳೆಯ ಕಾಲದ ನೀಲಿ ಬಣ್ಣದ ಉಕ್ಕಿನ ಸ್ಪ್ರಿಂಗುಗಳು ಹೀಗೆ ತುಂಡಾಗುತ್ತಿದ್ದವು. ಆಮೇಲೆ ಬಂದ ಬಿಳಿ ಮಿಶ್ರಲೋಹದವು ಅಪರೂಪಕ್ಕೆ ಮುರಿಯುತ್ತವೆ.

ಕೀ ಕೊಟ್ಟು ಬೆರಳು ಬಿಟ್ಟ ತಕ್ಷಣ ಕ್ರೌನ್ ಗಿರ್ರನೆ ಹಿಂದಕ್ಕೆ ತಿರುಗಿದರೆ, ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕ್ಲಿಕ್ ಎಂಬ ಕೊಕ್ಕೆಯೋ ಅದರ ತಂತಿಯೋ ಕೈಕೊಟ್ಟಿದೆ. ಚಿಕ್ಕ ಭಾಗ, ಸಾಮಾನ್ಯವಾಗಿ ಸಿಗುತ್ತದೆ.

ಕ್ರೌನೇ ಕೈಗೆ ಕಿತ್ತುಬಂದರೆ ಗಾಬರಿಯಾಗಬೇಡಿ. ಕಡ್ಡಿ ಸಮೇತ ಬಂದಿದ್ದರೆ ಒಳಗಿನ ಒಂದು ತಿರುಪು ಸಡಿಲವಾಗಿರಬಹುದು. ಅರ್ಧ ಕಡ್ಡಿ ಬಂದಿದ್ದರೆ ಸ್ಟೆಮ್ ಮುರಿದಿದೆ. ಎರಡರಲ್ಲಿ ಯಾವುದಾದರೂ ಆ ತುಂಡನ್ನು ಬಿಸಾಡದೆ ಒಂದು ಚೀಟಿಯಲ್ಲಿ ಸುತ್ತಿ ವಾಚಿನ ಜೊತೆ ತನ್ನಿ. ಹೊಸ ಸ್ಟೆಮ್ಮನ್ನು ಅಳತೆಗೆ ಕತ್ತರಿಸಲು ಅದೇ ಮಾದರಿ.

ಯಾವಾಗಲೂ ಒಂದೇ ಹೊತ್ತಿಗೆ ನಿಲ್ಲುತ್ತೆ. ಏನು ಕಾರಣ?

ಈ ಪ್ರಶ್ನೆ ಕೇಳುವವರೆಂದರೆ ನನಗೆ ಬಹಳ ಇಷ್ಟ, ಯಾಕೆಂದರೆ ಅರ್ಧ ರಿಪೇರಿ ಅವರೇ ಮಾಡಿಕೊಂಡು ಬಂದಿರುತ್ತಾರೆ. ವಾಚು ನಿಂತಾಗಲೆಲ್ಲ ಮುಳ್ಳು ಮುಟ್ಟದೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನಾಲ್ಕು ಫೋಟೋ ಸೇರಿದರೆ ರೋಗ ತಾನಾಗಿ ಕಾಣುತ್ತದೆ.

1 ಗಂಟೆ 5 ನಿಮಿಷ, 2 ಗಂಟೆ 11, 3 ಗಂಟೆ 16, 5 ಗಂಟೆ 27, ಹೀಗೆ ನಿಮಿಷದ ಮುಳ್ಳು ಗಂಟೆಯ ಮುಳ್ಳಿನ ಮೇಲೆ ಬಂದಾಗಲೇ ನಿಲ್ಲುತ್ತಿದ್ದರೆ ಎರಡು ಮುಳ್ಳೂ ಒಂದಕ್ಕೊಂದು ತಾಗುತ್ತಿವೆ. 12 ಗಂಟೆಯ ಅವಧಿಯಲ್ಲಿ ಅವು 11 ಸಲ ಒಂದರ ಮೇಲೊಂದು ಬರುತ್ತವೆ. ವಾಚನ್ನು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ನೋಡಿದರೆ ಸಂದು ಮುಚ್ಚಿರುವುದು ಕೆಲವೊಮ್ಮೆ ಬರಿಗಣ್ಣಿಗೇ ಕಾಣುತ್ತದೆ. ಚಿಮಟದಿಂದ ಎತ್ತಿ ಸಮ ಮಾಡಿದರೆ ಆಯಿತು, ಯಾವ ಭಾಗವೂ ಬೇಡ. ಗಾಜು ಬದಲಾಯಿಸಿದ ಮೇಲೆ ಶುರುವಾಗಿದ್ದರೆ ಹೊಸ ಗಾಜು ತಗ್ಗಾಗಿದ್ದು ಸೆಕೆಂಡು ಮುಳ್ಳಿನ ತುದಿಯನ್ನು ಒರೆಸುತ್ತಿರಬಹುದು, ಅದನ್ನೂ ಹೇಳಿ.

ಗಂಟೆ ಯಾವುದಾದರೂ ಸೆಕೆಂಡು ಮುಳ್ಳು ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲುತ್ತಿದ್ದರೆ ನಿಮಿಷಕ್ಕೊಮ್ಮೆ ಸುತ್ತುವ ಫೋರ್ತ್ ವೀಲಿನ ಒಂದು ಹಲ್ಲಿನಲ್ಲಿ ಕಸವೋ ಪೆಟ್ಟೋ ಇದೆ. ನಿಮಿಷದ ಮುಳ್ಳು ಅದೇ ನಿಮಿಷಕ್ಕೆ ಬಂದು ನಿಲ್ಲುತ್ತಿದ್ದರೆ ಗಂಟೆಗೊಮ್ಮೆ ಸುತ್ತುವ ಚಕ್ರವನ್ನು ಅನುಮಾನಿಸುತ್ತೇವೆ.

ತಾರೀಕು ಇರುವ ವಾಚು ರಾತ್ರಿ 11, 12ರ ಹೊತ್ತಿಗೇ ನಿಲ್ಲುವುದು ಇನ್ನೊಂದು ಬಗೆ. ಆ ಹೊತ್ತಿಗೆ ತಾರೀಕಿನ ಬಳೆಯನ್ನು ತಳ್ಳುವ ಹೆಚ್ಚುವರಿ ಕೆಲಸ ವಾಚಿನ ಮೇಲೆ ಬೀಳುತ್ತದೆ. ಹಗಲೆಲ್ಲ ಹೇಗೋ ಓಡಿದ ಸೋತ ವಾಚು ಅಲ್ಲಿ ಕೈಚೆಲ್ಲುತ್ತದೆ. ಅಂದರೆ ದೋಷ ತಾರೀಕಿನದಲ್ಲದೆ ಒಟ್ಟು ಶಕ್ತಿಯದೇ ಇರಬಹುದು. ಸರ್ವಿಸ್ ಆದರೆ ಸರಿಹೋಗುತ್ತದೆ. ಇದೇ ಕಾರಣಕ್ಕೆ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಕು ತಿದ್ದಬೇಡಿ; ಆಗ ತಳ್ಳುವ ಹಲ್ಲು ಬಳೆಗೆ ಸಿಕ್ಕಿಕೊಂಡಿರುತ್ತದೆ, ಮುರಿಯುತ್ತದೆ. ನಿಂತ ವಾಚಿನಲ್ಲಿ ಅದು ಹಗಲೋ ರಾತ್ರಿಯೋ ತಿಳಿಯದು. ಮೊದಲು ಮುಳ್ಳನ್ನು ಆರೂವರೆಗೆ ತಂದಿಟ್ಟು ಆಮೇಲೆ ತಾರೀಕು ಮುಟ್ಟಿ.

ಟಿಕ್ ಟಿಕ್ ಕೇಳುತ್ತೆ, ಸೆಕೆಂಡು ಮುಳ್ಳೂ ಓಡುತ್ತೆ, ಆದರೆ ಟೈಮ್ ಮುಂದೆ ಹೋಗಲ್ಲ.

ವಾಚು ಆರೋಗ್ಯವಾಗಿದೆ. ನಿಮಿಷದ ಮುಳ್ಳನ್ನು ಹೊತ್ತಿರುವ ಕ್ಯಾನನ್ ಪಿನಿಯನ್ ಎಂಬ ಕೊಳವೆ ಸಡಿಲವಾಗಿ ಜಾರುತ್ತಿದೆ. ಅದನ್ನು ಮತ್ತೆ ಬಿಗಿ ಮಾಡುವುದು ಅರ್ಧ ಗಂಟೆಯ ಕೆಲಸ.

ಕೈಲಿದ್ದರೆ ಓಡುತ್ತೆ, ಟೇಬಲ್ ಮೇಲಿಟ್ಟರೆ ನಿಲ್ಲುತ್ತೆ. ಒಮ್ಮೆ ಕೆಳಗೂ ಬಿದ್ದಿತ್ತು.

ಬಿದ್ದದ್ದೇ ಕಾರಣ ಇರಬಹುದು. ಬ್ಯಾಲೆನ್ಸ್ ವೀಲಿನ ಕಡ್ಡಿಯ ತುದಿ ಸುಮಾರು 0.1 ಮಿಲಿಮೀಟರ್ ದಪ್ಪ. ಪೆಟ್ಟು ಬಿದ್ದರೆ ಮೊದಲು ಬಾಗುವುದು, ಮುರಿಯುವುದು ಅದೇ. ಡಯಲ್ ಮೇಲಾಗಿ, ಕೆಳಗಾಗಿ, ಕ್ರೌನ್ ಮೇಲಾಗಿ, ಕೆಳಗಾಗಿ ಇಟ್ಟು ಯಾವ ಭಂಗಿಯಲ್ಲಿ ನಿಲ್ಲುತ್ತದೆ ನೋಡಿ ಹೇಳಿದರೆ ಯಾವ ತುದಿ ಹೋಗಿದೆ ಎಂದು ಹುಡುಕುವುದು ಸುಲಭ.

ಎಚ್‌ಎಂಟಿ ಡಯಲ್ ಮೇಲೆ ‘ಪ್ಯಾರಾ ಶಾಕ್’ ಎಂದು ಬರೆದಿರುವುದು ಇದಕ್ಕೇ ಸಂಬಂಧಿಸಿದ್ದು. ಬ್ಯಾಲೆನ್ಸಿನ ಎರಡು ತುದಿಯ ಹರಳುಗಳನ್ನೂ ಸಣ್ಣ ಸ್ಪ್ರಿಂಗ್ ಹಿಡಿದಿರುತ್ತದೆ, ಪೆಟ್ಟಾದಾಗ ಹರಳು ಸರಿದು ಮತ್ತೆ ಜಾಗಕ್ಕೆ ಬರುತ್ತದೆ. ಒಳ್ಳೆಯ ರಕ್ಷಣೆ. ಆದರೆ ಸಿಮೆಂಟು ನೆಲಕ್ಕೆ ಎದೆ ಎತ್ತರದಿಂದ ಬಿದ್ದರೆ ಅದೂ ಕಾಪಾಡುತ್ತದೆ ಎಂದು ನಂಬಬೇಡಿ. ಕೆಲವೊಮ್ಮೆ ಬಿದ್ದ ರಭಸಕ್ಕೆ ಆ ಸಣ್ಣ ಸ್ಪ್ರಿಂಗೇ ಕಳಚಿಕೊಂಡಿರುತ್ತದೆ, ಅದನ್ನು ಕೂರಿಸಿದರೆ ಸಾಕಾಗುತ್ತದೆ.

ನೀರು ಹೋಗಿದೆ. ಗಾಜಿನೊಳಗೆ ಆವಿ ಕಟ್ಟಿದೆ. ಅಕ್ಕಿ ಡಬ್ಬಿಯಲ್ಲಿಟ್ಟಿದ್ದೀವಿ.

ಅಕ್ಕಿಯಿಂದ ತೆಗೆಯಿರಿ, ಈಗಲೇ. ಅಕ್ಕಿ ವಾಚಿನೊಳಗಿನ ನೀರನ್ನು ಹೀರುವುದಿಲ್ಲ. ನೀವು ಕಾಯುತ್ತ ಕೂತ ಎರಡು ದಿನದಲ್ಲಿ ಉಕ್ಕಿನ ಭಾಗಗಳಿಗೆ ತುಕ್ಕು ಹತ್ತಿರುತ್ತದೆ. ಜೊತೆಗೆ ಅಕ್ಕಿಯ ಬಿಳಿ ಹುಡಿ ಕ್ರೌನಿನ ಸಂದಿಗೆ ಸೇರುತ್ತದೆ. ಹೇರ್ ಡ್ರೈಯರ್ ಹಿಡಿಯುವುದು, ಗ್ಯಾಸ್ ಒಲೆಯ ಪಕ್ಕ ಇಡುವುದು ಇನ್ನೂ ಕೆಟ್ಟದ್ದು. ಬಿಸಿಗೆ ಆವಿ ಮೂಲೆ ಮೂಲೆಗೆ ಹೋಗುತ್ತದೆ, ಡಯಲ್ ಬಣ್ಣ ಉಬ್ಬುತ್ತದೆ.

ಮಾಡಬೇಕಾದದ್ದು: ಹೊರಗಿನ ನೀರು ಒರೆಸಿ, ಕೀ ಕೊಡಬೇಡಿ, ಮುಳ್ಳು ತಿರುಗಿಸಬೇಡಿ, ಅದೇ ದಿನ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಿ ಮುಚ್ಚಳ ತೆಗೆಸಿ. ಅದೇ ದಿನ ತೆರೆದು ಬಿಚ್ಚಿ ಒಣಗಿಸಿದರೆ ಹೆಚ್ಚಿನವು ಉಳಿಯುತ್ತವೆ. ಭಾನುವಾರ ಅಂಗಡಿ ಇರಲ್ಲ, ಹಬ್ಬ ಮುಗಿಸಿಕೊಂಡು ಹೋಗೋಣ ಎಂದುಕೊಂಡು ವಾರ ಬಿಟ್ಟು ತಂದ ವಾಚುಗಳಲ್ಲಿ ಸ್ಟೆಮ್ ತುಕ್ಕು ಹಿಡಿದು ಚಕ್ರಕ್ಕೆ ಕಚ್ಚಿಕೊಂಡಿರುತ್ತದೆ. ಅಂಥದ್ದನ್ನು ಮುಚ್ಚಳ ತೆಗೆದು ನೋಡುವಾಗ ನಿಜವಾಗಿ ಹೊಟ್ಟೆ ಉರಿಯುತ್ತದೆ. ಒಂದು ದಿನ ಮೊದಲು ಬಂದಿದ್ದರೆ ಎಂದು.

ಮಂಡ್ಯ ಕಡೆಯ ರೈತರಿಗೆ ಒಂದು ಮಾತು. ನೀರು ಅಂದರೆ ನಾಲೆಯಲ್ಲಿ ಮುಳುಗುವುದೊಂದೇ ಅಲ್ಲ. ನಾಟಿ ಸಮಯದ ಗದ್ದೆ ನೀರು, ಪಂಪ್‌ಸೆಟ್ ಬಳಿ ಕೈ ತೊಳೆಯುವುದು, ಆಲೆಮನೆಯ ಹಬೆ, ಕಬ್ಬು ಕಡಿಯುವಾಗಿನ ಬೆವರು, ಇವೆಲ್ಲ ದಿನದಿನವೂ ಕ್ರೌನಿನ ಸಂದಿಯಿಂದ ಒಳಗೆ ಇಳಿಯುತ್ತವೆ. ಹಳೆಯ ವಾಚಿನ ರಬ್ಬರ್ ವಾಷರ್ ಎಂದೋ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಮುಚ್ಚಳದ ಮೇಲೆ ‘ವಾಟರ್ ರೆಸಿಸ್ಟೆಂಟ್’ ಎಂದು ಬರೆದಿದ್ದರೂ ಅದು ಹೊಸದಾಗಿದ್ದಾಗಿನ ಮಾತು. ಹೊಲಕ್ಕೆ ಹೋಗುವಾಗ ಅಪ್ಪನ ವಾಚನ್ನು ಮನೆಯಲ್ಲೇ ಬಿಟ್ಟುಹೋಗಿ.

ದಿನಕ್ಕೆ ಹತ್ತು ಹದಿನೈದು ನಿಮಿಷ ಮುಂದೆ ಓಡುತ್ತೆ, ಮಧ್ಯೆ ಮಧ್ಯೆ ನಿಲ್ಲುತ್ತೆ.

ಇದ್ದಕ್ಕಿದ್ದಂತೆ ಮುಂದೆ ಓಡತೊಡಗಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲೆ. ಬ್ಯಾಲೆನ್ಸಿನ ಓಲಾಟವನ್ನು ಹಿಡಿತದಲ್ಲಿಡುವ ಹೇರ್‌ಸ್ಪ್ರಿಂಗ್ ಒಂದು ತೆಳ್ಳನೆಯ ಸುರುಳಿ. ಅದಕ್ಕೆ ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ. ಗಿಡ್ಡ ಸ್ಪ್ರಿಂಗ್ ಬೇಗ ಬೇಗ ಬಡಿಯುತ್ತದೆ. ರಾತ್ರಿ ವಾಚನ್ನು ಎಲ್ಲಿಡುತ್ತೀರಿ ಯೋಚಿಸಿ: ಫೋನ್ ಮೇಲೆ, ಸ್ಪೀಕರ್ ಪಕ್ಕ, ಅಯಸ್ಕಾಂತದ ಗುಂಡಿ ಇರುವ ಪರ್ಸ್ ಒಳಗೆ, ಇಂಡಕ್ಷನ್ ಒಲೆಯ ಹತ್ತಿರ? ಒಂದು ಸಣ್ಣ ದಿಕ್ಸೂಚಿಯ ಪಕ್ಕ ವಾಚನ್ನು ನಿಧಾನವಾಗಿ ತಿರುಗಿಸಿದಾಗ ಸೂಜಿ ಜೋರಾಗಿ ಅತ್ತಿತ್ತ ಹೊರಳಿದರೆ ಅನುಮಾನ ಗಟ್ಟಿ. ಅಂಗಡಿಯಲ್ಲಿ ಅಯಸ್ಕಾಂತದ ಗುಣ ಬಿಡಿಸುವ ಡಿಮ್ಯಾಗ್ನೆಟೈಸರ್ ಯಂತ್ರವಿದ್ದರೆ ವಾಚು ಬಿಚ್ಚದೆಯೇ ಕೆಲವು ಸೆಕೆಂಡಿನಲ್ಲಿ ಅದನ್ನು ತೆಗೆಯುತ್ತಾರೆ. ಅದರಿಂದ ಸರಿಹೋಗದಿದ್ದರೆ ಸುರುಳಿಗೆ ಎಣ್ಣೆ ತಾಕಿದೆ ಅಥವಾ ಪೆಟ್ಟು ಬಿದ್ದು ಸುರುಳಿ ಸಿಕ್ಕಿಕೊಂಡಿದೆ, ಆಗ ಬಿಚ್ಚಲೇಬೇಕು.

ಆಟೋಮ್ಯಾಟಿಕ್ ವಾಚು. ದಿನಾ ಕಟ್ಟುತ್ತಾರೆ, ಆದರೂ ನಿಲ್ಲುತ್ತೆ.

ಯಾರು ಕಟ್ಟುತ್ತಾರೆ? ವಯಸ್ಸಾದ ತಂದೆಯವರು ಮನೆಯಲ್ಲೇ ಕೂತಿರುತ್ತಾರೆ ಅಂದರೆ ವಾಚಿನೊಳಗಿನ ತೂಕದ ರೋಟರ್ ತಿರುಗುವಷ್ಟು ಕೈ ಆಡುವುದಿಲ್ಲ. ಕ್ರೌನಿನಿಂದ ಕೀ ಕೊಡಲು ಆಗುವ ವಾಚಾದರೆ ಬೆಳಗ್ಗೆ ಒಂದಿಪ್ಪತ್ತು ಸುತ್ತು ಕೊಡಿ. ಎಲ್ಲ ಆಟೋಮ್ಯಾಟಿಕ್‌ಗೂ ಹಾಗೆ ಕೊಡಲು ಬರುವುದಿಲ್ಲ. ಅಂಥದ್ದನ್ನು ಅಂಗೈಯಲ್ಲಿಟ್ಟು ಅರ್ಧ ನಿಮಿಷ ಮೆಲ್ಲಗೆ ವೃತ್ತಾಕಾರವಾಗಿ ಆಡಿಸಿ ಕಟ್ಟಿಸಿ. ಚೆನ್ನಾಗಿ ಓಡಾಡುವವರ ಕೈಯಲ್ಲೂ ನಿಲ್ಲುತ್ತಿದ್ದರೆ, ಆಡಿಸಿದಾಗ ಒಳಗೆ ಕರಕರ ಶಬ್ದ ಬಂದರೆ, ರೋಟರ್ ಸಡಿಲವಾಗಿ ಮುಚ್ಚಳವನ್ನು ಕೆರೆಯುತ್ತಿದೆ. ಆ ಲೋಹದ ಪುಡಿ ಚಕ್ರಗಳಿಗೆ ಹೋಗುವ ಮೊದಲು ತನ್ನಿ.

ವಿಡಿಯೋ ನೋಡಿ ಮನೆಯಲ್ಲೇ ಮುಚ್ಚಳ ತೆಗೆದು ಎಣ್ಣೆ ಬಿಡಬಹುದಾ?

ಬೇಡ. ನಿಮ್ಮ ಆಸಕ್ತಿಗೆ ಅಡ್ಡ ಬರಬೇಕೆಂದು ಹೇಳುತ್ತಿಲ್ಲ. ಕಲಿಯುವ ಮನಸ್ಸಿದ್ದರೆ ಗುಜರಿಗೆ ಹೋಗುವ ವಾಚೊಂದನ್ನು ಕೊಂಡು ಅದರ ಮೇಲೆ ಕಲಿಯಿರಿ, ನನ್ನಂಥವರು ಸಂತೋಷದಿಂದ ಹೇಳಿಕೊಡುತ್ತೇವೆ. ಅಪ್ಪನ ವಾಚಿನ ಮೇಲೆ ಬೇಡ.

ಅಡುಗೆ ಚಾಕು ಹಾಕಿ ಮುಚ್ಚಳ ಎಬ್ಬಿಸಿದಾಗ ಚಾಕು ಜಾರಿ ಬ್ಯಾಲೆನ್ಸ್ ಮೇಲೆ ಹೋಗಿರುವುದು, ಮುಚ್ಚಳ ಮತ್ತೆ ಒತ್ತುವಾಗ ಗಾಜು ಒಡೆದಿರುವುದು ಸಾಮಾನ್ಯ. ಎಣ್ಣೆಯ ವಿಷಯ ಇನ್ನೂ ಗಂಭೀರ. ಹೊಲಿಗೆ ಮೆಷಿನ್ ಎಣ್ಣೆ, ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಯಾವುದನ್ನು ಬಿಟ್ಟರೂ ವಾಚು ಮೊದಲು ಓಡುತ್ತದೆ. ಅದೇ ಮೋಸ. ಹಳೆಯ ಅಂಟು ಸ್ವಲ್ಪ ಕರಗಿ ದಾರಿ ಬಿಟ್ಟಿರುತ್ತದೆ. ಎಣ್ಣೆ ಹರಡಿ ಹೇರ್‌ಸ್ಪ್ರಿಂಗಿಗೆ ಹತ್ತಿದ ಮೇಲೆ ಮತ್ತೆ ನಿಲ್ಲುತ್ತದೆ, ಆಗ ಒಳಗಿನದೆಲ್ಲ ಜಿಡ್ಡು. ಸರಿಯಾದ ಕ್ರಮದಲ್ಲಿ ವಾಚನ್ನು ಒಂದೊಂದು ಭಾಗವಾಗಿ ಬಿಚ್ಚಿ, ತೊಳೆದು, ಒಣಗಿಸಿ, ಜೋಡಿಸುತ್ತ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಬಗೆಯ ವಾಚ್ ಆಯಿಲನ್ನು ಸೂಜಿತುದಿಯಲ್ಲಿ ಇಡುತ್ತೇವೆ. ಕೆಲವು ಜಾಗಕ್ಕೆ, ಉದಾಹರಣೆಗೆ ಪ್ಯಾಲೆಟ್ ಕಡ್ಡಿತುದಿಗೆ, ಎಣ್ಣೆ ಇಡಲೇಬಾರದು.

ರಿಪೇರಿಗೆ ಕೊಟ್ಟರೆ ಒಳಗಿನ ಹರಳು ಕದ್ದುಬಿಡ್ತಾರಂತೆ?

ಆ ಹರಳು ಕಾರ್ಖಾನೆಯಲ್ಲಿ ತಯಾರಾದ ಕೃತಕ ಮಾಣಿಕ್ಯ. ಫ್ರಾನ್ಸಿನ ವೆರ್ನ್ಯೂಯಿ 1902ರಲ್ಲಿ ಅದನ್ನು ತಯಾರಿಸುವ ವಿಧಾನ ಪ್ರಕಟಿಸಿದಾಗಿನಿಂದ ಅದು ಅಗ್ಗದ ವಸ್ತು. ಗಟ್ಟಿಯಾಗಿ, ನುಣುಪಾಗಿರುವುದರಿಂದ ಕಡ್ಡಿತುದಿ ಸವೆಯದಿರಲಿ ಎಂದು ಹಾಕಿರುತ್ತಾರೆ. ಒಂದು ಹರಳು ತೆಗೆದರೂ ವಾಚು ಓಡುವುದಿಲ್ಲ, ತೆಗೆದವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪೂರ್ತಿ ಬಿಚ್ಚಿ ತೊಳೆಯುತ್ತೀರಾ, ಇಲ್ಲ ಹಾಗೆಯೇ ಪೆಟ್ರೋಲಿನಲ್ಲಿ ಅದ್ದಿ ತೆಗೆಯುತ್ತೀರಾ? ಬದಲಾಯಿಸಿದ ಭಾಗವನ್ನು ನನಗೆ ವಾಪಸ್ ಕೊಡುತ್ತೀರಾ? ಕೊಡುವ ಮೊದಲು ಎಷ್ಟು ದಿನ ಓಡಿಸಿ ನೋಡುತ್ತೀರಾ? ಡಯಲ್ಲಿಗೆ ಹೊಸ ಬಣ್ಣ ಹೊಡೆಸಬೇಡಿ ಎಂದು ನಾನು ಹೇಳಿದರೆ ಒಪ್ಪುತ್ತೀರಾ? ಒಳ್ಳೆಯ ಕೆಲಸಗಾರನಿಗೆ ಇಂಥ ಗಿರಾಕಿ ಕಂಡರೆ ಗೌರವ ಹೆಚ್ಚುತ್ತದೆಯೇ ಹೊರತು ಸಿಟ್ಟು ಬರುವುದಿಲ್ಲ. ‘ಒಳಗಿನ ಮಿಷನ್ನೇ ಬೇರೆ ಹಾಕಿಬಿಡೋಣ’ ಎಂದು ಮುಚ್ಚಳ ತೆಗೆಯುವ ಮುಂಚೆಯೇ ಹೇಳುವ ಕಡೆ ಕೊಡಬೇಡಿ.

ಎಚ್‌ಎಂಟಿ ಮುಚ್ಚಿಹೋಯ್ತಲ್ಲ, ಪಾರ್ಟ್ ಸಿಗುತ್ತಾ?

ಸಿಗುತ್ತದೆ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ತಯಾರಿಕೆ ಆಮೇಲೆ ತುಮಕೂರಿಗೂ ಹಬ್ಬಿತು. ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಜನತಾ, ಪೈಲಟ್ ಮುಂತಾದ ವಾಚುಗಳು ದೇಶದ ಮೂಲೆ ಮೂಲೆಗೂ ಹೋಗಿ ಸೇರಿದ್ದವು. ಹಾಗಾಗಿ ಒಂದಕ್ಕೆ ಬೇಕಾದ ಚಕ್ರ ಇನ್ನೊಂದು ಹಳೆಯ ವಾಚಿನಿಂದ ಸಿಗುತ್ತದೆ. ಗಾಜು, ಸ್ಟೆಮ್, ಕ್ರೌನ್ ಸುಲಭ. ಕಷ್ಟವಾಗುವುದು ಒಳ್ಳೆಯ ಸ್ಥಿತಿಯ ಮೂಲ ಡಯಲ್ ಮತ್ತು ಮುಳ್ಳು. ನಿಮ್ಮ ವಾಚಿನ ಡಯಲ್ ಸ್ವಲ್ಪ ಮಾಸಿದ್ದರೂ, ಹಳದಿ ಕಂಡರೂ ಹಾಗೆಯೇ ಇರಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ವಿನಂತಿ ಕೂಡ: ಪೂರ್ತಿ ಕೆಟ್ಟ ಎಚ್‌ಎಂಟಿ ಇದ್ದರೆ ಕಸಕ್ಕೆ ಹಾಕಬೇಡಿ, ಯಾವುದಾದರೂ ರಿಪೇರಿ ಅಂಗಡಿಗೆ ಕೊಡಿ.

ಸರ್ವಿಸ್ ಆಗಿ ಬಂತು. ಈಗ ಹೇಗೆ ನೋಡಿಕೊಳ್ಳಲಿ? ಎಷ್ಟು ಸರಿಯಾಗಿ ಟೈಮ್ ತೋರಿಸಬೇಕು?

ದಿನವೂ ಒಂದೇ ಹೊತ್ತಿಗೆ ಕೀ ಕೊಡಿ. ಆಕಾಶವಾಣಿ ವಾರ್ತೆಯ ಮುಂಚಿನ ಪಿಪ್ ಪಿಪ್ ಸದ್ದಿಗೆ ಟೈಮ್ ತಿದ್ದಿಕೊಂಡು ಕೀ ಕೊಡುತ್ತಿದ್ದ ಹಿರಿಯರ ಅಭ್ಯಾಸ ಬಹಳ ಒಳ್ಳೆಯದು. ಸ್ಪ್ರಿಂಗ್ ತುಂಬಿರುವಾಗ ಬಲ ಸಮನಾಗಿರುತ್ತದೆ, ಟೈಮೂ ಸಮನಾಗಿರುತ್ತದೆ.

ಹಳೆಯ ವಾಚು ದಿನಕ್ಕೆ ಅರ್ಧ ನಿಮಿಷ ಆಚೀಚೆಯಾದರೆ ಅದನ್ನು ದೋಷವೆನ್ನಬೇಡಿ. ದಿನಕ್ಕೆ 86,400 ಸೆಕೆಂಡು. ಅದರಲ್ಲಿ 30 ಸೆಕೆಂಡು ತಪ್ಪಿದರೆ ಸಾವಿರಕ್ಕೆ ಅರ್ಧಕ್ಕಿಂತ ಕಡಿಮೆ. ಮೊದಲ ವಾರ ಬೆಳಗ್ಗೆ ಫೋನಿನ ಟೈಮ್ ಜೊತೆ ಹೋಲಿಸಿ ಬರೆದಿಡಿ. ದಿನವೂ ಒಂದೇ ಕಡೆಗೆ, ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತಿದ್ದರೆ ತಿದ್ದುವುದು ಸುಲಭ. ಒಂದು ದಿನ ಮುಂದೆ, ಒಂದು ದಿನ ಹಿಂದೆ, ಮತ್ತೊಂದು ದಿನ ನಿಂತರೆ ಸರ್ವಿಸಿನಲ್ಲಿ ಏನೋ ಉಳಿದಿದೆ, ವಾಪಸ್ ಕೊಡಿ.

ಕಟ್ಟದೆ ಇಡುವುದಾದರೆ ಒಣ ಜಾಗದಲ್ಲಿ, ಮೆತ್ತನೆ ಬಟ್ಟೆಯಲ್ಲಿಟ್ಟು ತಿಂಗಳಿಗೊಮ್ಮೆ ಕೀ ಕೊಟ್ಟು ಓಡಿಸಿ. ಸರ್ವಿಸ್ ಆಗದ ವಾಚಿಗೆ ಹೀಗೆ ಮಾಡಬೇಡಿ, ಒಣಗಿದ ಕಡ್ಡಿತುದಿ ಸವೆಯುತ್ತದೆ.

ಬರಲು ಆಗುವುದಿಲ್ಲ, ಯಾರ ಕೈಯಲ್ಲಾದರೂ ಕಳಿಸಬಹುದಾ?

ಕಳಿಸಬಹುದು. ಗಟ್ಟಿ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಅಲ್ಲಾಡದಂತೆ ಇಡಿ. ಹಿಂದಿನ ಮುಚ್ಚಳ ಬಿಚ್ಚಿದ್ದರೆ ಹತ್ತಿ ಮಾತ್ರ ಬೇಡ, ಎಳೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಒಂದು ಚೀಟಿಯಲ್ಲಿ ಬರೆದು ಕಳಿಸಿ: ಯಾವಾಗ ನಿಂತಿತು, ಬಿದ್ದಿತ್ತೇ, ನೀರು ತಾಕಿತ್ತೇ, ಹಿಂದೆ ಯಾರಾದರೂ ತೆರೆದಿದ್ದರೇ, ಕೀ ಕೊಟ್ಟಾಗ ಬಿಗಿಯಾಗುತ್ತದೆಯೇ, ನಿಂತಾಗ ಮುಳ್ಳು ಎಲ್ಲಿರುತ್ತದೆ. ಎಣ್ಣೆ ಬಿಟ್ಟಿದ್ದರೆ ಅದನ್ನೂ ಬರೆಯಿರಿ, ಯಾರೂ ಬೈಯುವುದಿಲ್ಲ.